ಬಳೇಪೇಟೆಯಲ್ಲಿ ತಲೆ ಎಣಿಕೆ

ಮೂರು ದಿನದ ಕೆಲಸ. ದಿನಕ್ಕೆ ಎಂಟುನೂರು, ಊಟ ಬೇರೆ.
ಬಳೇಪೇಟೆ ಸರ್ಕಲ್ಲಿನಲ್ಲಿ, ಬಾಸಿಂಗದ ಅಂಗಡಿಯ ಮೆಟ್ಟಿಲ ಪಕ್ಕ
ಒಂದು ಪ್ಲಾಸ್ಟಿಕ್ ಸ್ಟೂಲು, ಕೈಯಲ್ಲೊಂದು ಕ್ಲಿಕ್ಕರು.
ನಡೆದುಹೋಗುವವರನ್ನು ಎಣಿಸಬೇಕು, ಅಷ್ಟೇ.

ನಕ್ಷೆ ಬಿಡಿಸುವ ವಿಂಧ್ಯಾ ಮೇಡಂಗೆ ನನ್ನ ಮಗಳ ವಯಸ್ಸು.
‘ಎಣಿಸೋದು ಕಷ್ಟ ಆಗಲ್ಲ ತಾನೇ ಸಾರ್?’
ಮೂವತ್ತೊಂದು ವರ್ಷ ಎಣಿಸಿದ್ದೀನಮ್ಮ,
ಮಾರ್ಕೆಟ್ಟಿಂದ ಯಶವಂತಪುರಕ್ಕೆ, ಒಂಟಿ ಕಾಲಲ್ಲಿ,
ಬ್ರೇಕಿಗೆ ಬೀಳದ ಹಾಗೆ.
ಮುಖ ನೋಡಿ ಸ್ಟೇಜು ಹೇಳುತ್ತಿದ್ದೆ.

ಮೊದಲ ಗಂಟೆಗೇ ಫಾರಂ ಸೋತಿತು.
ಅದರಲ್ಲಿದ್ದದ್ದು ಮೂರೇ ಮನೆ: ಗಂಡು, ಹೆಣ್ಣು, ಮಗು.
ಹಮಾಲಿ ಅಂಕಪ್ಪ ಬಂದ. ತಲೆಯ ಮೇಲೆ ಬಟ್ಟೆಯ ಮೂಟೆ,
ಕತ್ತು ಕಾಣದಷ್ಟು.
ಕೆಳಗೆ ಎರಡು ಕಾಲು ಮಾತ್ರ ಓಡುತ್ತಿದ್ದವು, ‘ಸೈಡ್ ಸೈಡ್’ ಅನ್ನುತ್ತ.
ಇವನು ನಡೆಯುವವನೋ, ವಾಹನವೋ?
ನಮ್ಮಲ್ಲಾದರೆ ಒಂದು ಫುಲ್ಲು, ಒಂದು ಲಗೇಜು.
ಕ್ಲಿಕ್ಕರಿಗೆ ಲಗೇಜು ಗೊತ್ತಿಲ್ಲ.

ಹೂವಿನ ಸಂಪಂಗಮ್ಮ ಆರಕ್ಕೇ ಬಂದು ಕೂತವಳು
ನಡೆಯಲಿಲ್ಲ. ಹಾಗಾಗಿ ಲೆಕ್ಕದಲ್ಲಿಲ್ಲ.
ಅವಳು ಒಂದು ಮೊಳ ಅಳೆಯುವಷ್ಟು ಹೊತ್ತು
ಅರ್ಧ ಬೀದಿ ನಿಂತು ಕಾಯುತ್ತಿತ್ತು.

ಮಧ್ಯಾಹ್ನ ಒಬ್ಬ ಅಜ್ಜ. ಚರಂಡಿ ಚಪ್ಪಡಿಯ ಅಂಚಿಗೆ ಬಂದು
ರಸ್ತೆಗೆ ಕಾಲಿಟ್ಟ, ತೆಗೆದ. ಮತ್ತೆ ಇಟ್ಟ.
ಸ್ಕೂಟರು, ಸ್ಕೂಟರು, ಟೆಂಪೋ.
ಮೂರನೇ ಸಲಕ್ಕೆ ಕೈಚೀಲ ಎದೆಗೊತ್ತಿಕೊಂಡು
ಬಂದ ದಾರಿಯಲ್ಲೇ ಹೊರಟುಹೋದ.
ಇವನಿಗೆ ಯಾವ ಮನೆ?
ಹಾಳೆ ತಿರುಗಿಸಿ ಬರೆದೆ: ದಾಟದೆ ಹಿಂದಿರುಗಿದವರು.
ಸಂಜೆಯ ಹೊತ್ತಿಗೆ ನಲವತ್ತಮೂರು.

ಮೇಡಂ ಆ ಹಾಳೆಯೊಂದನ್ನು ಬೇರೆ ಮಡಚಿ
ಬ್ಯಾಗಿನೊಳಗಿಟ್ಟುಕೊಂಡರು. ಏನೂ ಹೇಳಲಿಲ್ಲ.

ಆಮೇಲೆ ಹನ್ನೊಂದು ತಿಂಗಳು ಅಗೆದರು.
ಸತ್ತ ಟೆಲಿಫೋನ್ ವೈರು, ಅದರಡಿ ಸತ್ತ ನೀರಿನ ಪೈಪು,
ಅದರಡಿ ಇನ್ನೂ ಹಳೆಯ ಸತ್ತ ಪೈಪು,
ತೀರಾ ತಳದಲ್ಲಿ ಎತ್ತಿನ ಗಾಡಿಯ ಚಕ್ರ ತೀಡಿದ ಕಲ್ಲು.
ವೀಣೆ ರಿಪೇರಿಯ ಪೆನ್ನೋಬಳಾಚಾರಿ ದಿನಾ ಬೈದರು,
ಈ ಧೂಳಲ್ಲಿ ಯಾವ ತಂತಿಯ ಶ್ರುತಿ ನಿಂತೀತು?
ಬೈದದ್ದು ಮೇಡಂನ ಅಲ್ಲ, ನನ್ನನ್ನು.
ಎಣಿಸಿದವನು ನಾನಲ್ಲವೇ.

ಹೊಸ ಕಲ್ಲು ಹಾಸಿದ ಮೊದಲ ಸೋಮವಾರ ನೋಡಲು ಹೋದೆ.
ಬೀದಿಯ ಬಾಯಲ್ಲಿ ಸೊಂಟದೆತ್ತರದ ಗೂಟಗಲ್ಲು.
ಗಾಡಿಯಿಲ್ಲ, ಹಾರ್ನಿಲ್ಲ.
ವಾಲಗದ ಅಂಗಡಿಯಲ್ಲಿ ಯಾರೋ ಪೀಪಿ ಊದಿ ನೋಡಿದ್ದು
ಸರ್ಕಲ್ಲಿನವರೆಗೂ ಕೇಳಿಸಿತು.

ಆದರೂ ಜನ ಅಂಗಡಿಗಳಿಗೆ ಅಂಟಿಕೊಂಡೇ
ಭುಜ ಕಿರಿದು ಮಾಡಿ ಸಾಲಾಗಿ ಹೋಗುತ್ತಿದ್ದರು.
ಒಬ್ಬಾಕೆ ಸೆರಗನ್ನು ಒಳಕ್ಕೆಳೆದುಕೊಂಡಳು,
ಬಾರದ ಆಟೋಗೆ.
ನಡುಬೀದಿ, ಮೂರು ಮಾರು ಅಗಲ,
ಪೂರ್ತಿ ಒಂದು ನಾಯಿಗೆ.

ಬಾಯಿ ಹಳೆಯದು, ತಡೆಯಲಿಲ್ಲ.
‘ಒಳಗೆ ಬನ್ನಿ, ಒಳಗೆ ಬನ್ನಿ, ಮಧ್ಯೆ ಖಾಲಿ ಐತೆ!
ಬಾಗಿಲಲ್ಲೇ ನಿಂತ್ರೆ ಹೆಂಗೆ?’

ತಿರುಗಿ ನೋಡಿದರು. ಒಬ್ಬ ಹುಡುಗಿ ನಕ್ಕಳು,
ಕೆರೆಗಿಳಿಯುವವಳ ಹಾಗೆ ಒಂದು ಕಾಲು ಮುಂದಿಟ್ಟಳು.
ಆ ಅಜ್ಜನನ್ನು ಹುಡುಕಿದೆ. ಕಾಣಲಿಲ್ಲ.
ಗೂಟಗಲ್ಲಿಗೊರಗಿ ಸಂಪಂಗಮ್ಮ ಆಗಲೇ ಕೂತಿದ್ದಳು,
ನಕ್ಷೆಯಲ್ಲಿ ಅವಳಿದ್ದಳೋ ಇಲ್ಲವೋ.

ಕಲ್ಲಿನ ಆಚೆಗೆ ಅಂಕಪ್ಪ.
ಮಂಡಿ ಸವೆದು ಹೋದ ವರ್ಷವಷ್ಟೇ ಕೈಗಾಡಿಗೆ ಬಂದವನು.
ರಾತ್ರಿ ಒಂಬತ್ತರವರೆಗೆ ಗಾಡಿ ಬಿಡುವುದಿಲ್ಲವಂತೆ.
‘ತಲೆ ಮೇಲಾದ್ರೆ ತೊಂದ್ರೆ ಇಲ್ವಂತಣ್ಣ’ ಅಂದ,
ಸಿಂಬೆ ಸುತ್ತಿದ, ಮೂಟೆಯ ಕೆಳಗೆ ಕೂತು, ಎದ್ದ.

ಈಗ ಅವನು ನಡೆಯುವವನು.
ನುಣ್ಣನೆಯ ಹೊಸ ಕಲ್ಲಿನ ಮೇಲೆ, ನಟ್ಟನಡುವೆ,
ಎಡಮಂಡಿ ಸ್ವಲ್ಪ ಎಳೆಯುತ್ತ.

ಕೈಯಲ್ಲಿ ಏನೂ ಇರಲಿಲ್ಲ.
ಹೆಬ್ಬೆರಳು ತಾನಾಗಿ ಒತ್ತಿತು,
ಎರಡು ಸಲ.