ನಾಕನೇ ಪದ

ತಿಕೋಟಾ ರಸ್ತೆಯ ದ್ರಾಕ್ಷಿ ಕೋಲ್ಡ್ ಸ್ಟೋರೇಜಿನಾಗ
ನಂದು ರಾತ್ರಿ ಪಾಳಿ.
ಹೊರಗ ನೆಲ ಇನ್ನೂ ಹಗಲಿನ ಸಿಟ್ಟು ಕಾರತೈತಿ.
ಒಳಗ ನಾಕು ಡಿಗ್ರಿ. ಹದಿನೈದು ಕಿಲೋದ ಬಾಕ್ಸಿನಾಗ
ಹಸಿರು, ಹಳದಿ, ಕರಿ ಒಣದ್ರಾಕ್ಷಿ
ಧಾರಣಿ ಏರೂ ತನಕಾ ನಿದ್ದಿ ಹೊಡೀತಾವ.

ಸ್ವಿಚ್‌ಬೋರ್ಡಿನ ಮ್ಯಾಲಿನ ಹಲಗಿಗೆ
ತಂಬಾಕದ ಡಬ್ಬಿಯಷ್ಟ ಒಂದು ಕಂಪ್ಯೂಟರ್ ಇಟ್ಟೀನಿ,
ಬೆನ್ನಿಗೆ ಹಾರ್ಡ್ ಡಿಸ್ಕಿನ ಗಂಟು ಕಟ್ಟಿ.
ಮಾಲಕರು ಕೇಳಿದ್ರು, ಕರೆಂಟ್ ಎಷ್ಟು ತಿಂತೈತೋ?
ಜೀರೋ ಬಲ್ಬಿನಷ್ಟ್ರಿ, ಅಂದೆ.
ತಿಂಗಳಾ ಐವತ್ತು ರೂಪಾಯಿ ಪಗಾರದಾಗ ಹಿಡೀತಾರ.

ಅದರಾಗ ಐತಿ ಬಿಟ್‌ಕಾಯಿನ್ನಿನ ಪೂರಾ ವಹಿ,
ಮೊದಲನೇ ಹಾಳಿಯಿಂದ.
ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನೂದು.
ಹೆಸರಿಲ್ಲ, ಊರಿಲ್ಲ, ಕುಲಾ ಇಲ್ಲ,
ಬರೇ ಅಂಕಿ ಅಕ್ಷರದ ಗೊಂಚಲು.
ಬ್ಯಾರೇದವರು ಕೂಡಿಸಿ ಕೊಟ್ಟದ್ದು ಇದಕ್ಕ ಬ್ಯಾಡ.
ತಾನ ಕೂಡಿಸಬೇಕು, ತಾನ ಕಳೀಬೇಕು,
ತಾಳೆ ಆದರ ಹಾಳಿ ತಿರುವತೈತಿ.

ಹತ್ತೊಂಬತ್ತನೇ ದಿನಾ ಕರೆಂಟ್ ಹೋತು.
ಜನರೇಟರ್ ಹತ್ತೂದು ಒಂದ ಒಂದು ನಿಮಿಷ ತಡಾ ಆತು,
ವಹಿ ಕೆಟ್ಟು ಕುಂತಿತು.
ಮತ್ತ ಒಂದನೇ ಹಾಳಿ.
ಅವತ್ತು ನಾ ಬುತ್ತಿ ಬಿಚ್ಚಲಿಲ್ಲ.

ನಮ್ಮಪ್ಪ ಅಡತಿಯೊಳಗ ಹಮಾಲ.
ದಲಾಲ ಬರದ ಚೀಟಿ ಕಿಸೆದಾಗ ಇಟಗೊಂಡು
ಚೀಲಾ ಎಣಸತಿದ್ದ. ಎರಡು ಸಲಾ.
ನಂಬಿಕಿ ಇಲ್ಲೇನಲೇ, ಅಂದರ
ನಂಬಿಕಿ ಐತ್ರಿ, ಅದಕ್ಕ ಎಣಸೂದು, ಅಂತಿದ್ದ.

ಇಷ್ಟು ದೊಡ್ಡ ವಹಿಯೊಳಗ ನನ್ನ ಪಾಲು ಕೇಳತೀರೇನು?
ಎರಡು ಬಾಕ್ಸ್ ಒಣದ್ರಾಕ್ಷಿ ರೊಕ್ಕ.
ಅದೂ ಧಾರಣಿ ಬಿದ್ದ ವರ್ಷದ್ದು.

ಅದಕ್ಕೊಂದು ಕೀಲಿ, ಹನ್ನೆರಡು ಇಂಗ್ಲಿಷ್ ಪದ.
ಮರತರ ಬ್ಯಾಂಕಿನ ಸಾಹೇಬಿಲ್ಲ, ಕೋರ್ಟಿಲ್ಲ,
ದೇವರಿಗೆ ಕಾಯಿ ಒಡದರೂ ಬರೂದಿಲ್ಲ.
ಮೊದಲಿನ ಆರು ಲಾಯವ್ವಗ, ಕಡೀ ಆರು ನನಗ
ಅಂತ ಮಾತಾತು.
ಅಕಿ ಓದಕೋವಾಗ ನಾ ಗ್ವಾಡಿ ಕಡೆ ಮುಖಾ ಮಾಡಿ ನಿಂತೆ,
ನಾ ಓದಕೋವಾಗ ಅಕಿ ಚಾ ಮಾಡಾಕ ಹೋದಳು.
ಮೂರು ದಿನಾ ಮಾತು ಬಿಟ್ಟಾಗ
ನಮ್ಮ ರೊಕ್ಕ ಯಾವ ಕಳ್ಳಗೂ ಸಿಗದಂಗ ಇತ್ತು.

ನನ್ನವು ಆರು ಚೇಂಬರಿನ ಬಾಗಲಕ್ಕ ಒಂದೊಂದು.
ರಾತ್ರಿ ತಿರುಗ್ಯಾಡಿ ಬಾಗಲಾ ಮುಟ್ಟಿ ಒಪ್ಪಸತೀನಿ.
ಅಕಿ ಎಲ್ಲಿ ಇಟ್ಟಿದ್ದಳೋ ಗೊತ್ತಿರಲಿಲ್ಲ,
ಅತ್ತಿ ಮಗಳ ಕುಬಸದ ದಿನದ ತನಕಾ.

ಹೆಂಗಸರು ಬಾಗಲಾ ಕಟ್ಟಿ ನಿಂತರು.
ಗಂಡನ ಹೆಸರು ಹೇಳದ ಒಳಗ ಬಿಡಾಂಗಿಲ್ಲ.
ಲಾಯವ್ವ ಸೆರಗು ಸರಿ ಮಾಡಿಕೊಂಡು ಒಡಪು ಹಾಕಿದಳು
(ಪದಗಳ ಜಾಗಾ ಖಾಲಿ ಬಿಟ್ಟೀನಿ, ತಪ್ಪು ತಿಳೀಬ್ಯಾಡ್ರಿ):

    —— ಅನ್ನೂ ಊರಾಗ —— ಅನ್ನೂ ಬಾವಿ,
    —— ಹಗ್ಗಕ್ಕ —— ಕೊಡ,
    —— ತುಂಬಿ —— ಚೆಲ್ಲಿ ಬಂದೀನಿ
    ಅಮೋಗಿರಾಯರ ಹೆಂಡತಿ, ದಾರಿ ಬಿಡ.

ಇದ್ಯಾವ ಸೀಮಿ ಒಡಪವ್ವಾ, ಅಂತ
ಹೊಟ್ಟಿ ಹಿಡಕೊಂಡು ನಕ್ಕರು ಎಲ್ಲಾರೂ.
ನನ್ನ ಕೈಯಾಗಿನ ಹೋಳಿಗಿ ನಡುದಾರ್ಯಾಗ ನಿಂತಿತು.
ಆರಕ್ಕ ಆರು ಕೂಡಿದರ ಎಷ್ಟು
ಸಣ್ಣ ಹುಡುಗರಿಗೂ ಗೊತ್ತು.

ಅವತ್ತಿನ ಪಾಳಿಯೊಳಗ
ಕಂಪ್ರೆಸರ್ ಗುರ್ ಅಂತ ಹತ್ತಿ, ಆರಿ, ಹತ್ತಿ.
ಹನ್ನೆರಡೂ ಬರದೆ. ಕೈ ತಂಪಾಗಿದ್ದವು,
ಅದು ನಾಕು ಡಿಗ್ರಿಗೋ ಏನೋ.
ತಪ್ಪು, ಅಂತು.
ಕಾಗುಣಿತ ನೋಡಿ ಮತ್ತೊಮ್ಮೆ ಬರದೆ.
ತಪ್ಪು.
ಇಷ್ಟು ವರ್ಷದ ಹಾಳಿ ಎಲ್ಲಾ ತಾಳೆ ನೋಡಿದ ಡಬ್ಬಿ
ಹಸಿರು ದೀಪಾ ಮಿಟುಕಸಕೋತ
ನನ್ನನ್ನ ನೋಡಿತು.

ಬೆಳಿಗ್ಗೆ ಮನಿಗೆ ಬಂದರ ರೊಟ್ಟಿ ಸಪ್ಪಳ.
ತಲಿ ಎತ್ತಲಿಲ್ಲ ಅಕಿ.
ನಾಕನೇದು ಸುಳ್ಳು ಹೇಳಿದ್ದೆ, ಅಂದಳು.
ಎಷ್ಟು ಸಲಾ ನೋಡಿದಿ?

ಎರಡು ಸಲಾ, ಅಂದೆ.

ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿ ಹಾಕಿದಳು.
ಮಾವನ ಮಗಾ ಹೌದು ನೀ.