ಇಶ್ಶಿ

ಹಾಸನದಲ್ಲಿ ನಮ್ಮ ಲ್ಯಾಬಿನ ಹಿಂಬದಿಗೆ ಆಲೂಗೆಡ್ಡೆ ಮಂಡಿ.
ಆಗಸ್ಟಿನಲ್ಲಿ ಕಿಟಕಿ ತೆಗೆದರೆ ಮುಗೀತು,
ಕೊಳೆತ ಗೆಡ್ಡೆಯ ಗಬ್ಬು ಒಳಬಂದು
ಕುರ್ಚಿ ಎಳೆದುಕೊಂಡು ಕೂರುತ್ತದೆ.
ಮಲ, ಮೂತ್ರ, ಕಫ ದಿನವಿಡೀ ನೋಡುವ ನನಗೆ
ಅದೊಂದು ಇವತ್ತಿಗೂ ಆಗಿಬರುವುದಿಲ್ಲ.

ಅಜ್ಜಿಗೆ ಮೂಗೇ ತಕ್ಕಡಿ.
ಮೂಟೆಯ ಬಾಯಿ ಬಿಚ್ಚುವ ಮೊದಲೇ ಹೇಳುತ್ತಿದ್ದಳು:
'ಒಳಗೊಂದು ಕೆಟ್ಟದೆ, ಸುರಿ.'
ಸುರಿದರೆ ಇರುತ್ತಿತ್ತು, ಕಪ್ಪಗೆ, ನೀರೊಡೆದು,
ಪಕ್ಕದ ನಾಲ್ಕರ ಕಿವಿ ಆಗಲೇ ಊದಿ ಮುಗಿಸಿ.

ಹೇಸಿಗೆಯ ಕೆಲಸ ಮೊದಲಿಗೆ ಇಷ್ಟೇ ಇದ್ದಿರಬೇಕು.
ಮಸೂರವಿಲ್ಲದ ಕಾಲ. ಹೆಸರಿಲ್ಲದ ರೋಗಕ್ಕೆ
ಮಕ್ಕಳು ಸಾಲಾಗಿ ಹೋಗುತ್ತಿದ್ದಾಗ
ಯಾರ ಗಂಟಲು ಕಾರಣ ಹೇಳದೆ ಮುಚ್ಚಿಕೊಂಡಿತೋ,
ಯಾರ ಮೇಲ್ದುಟಿ ಸೊಟ್ಟಗೆ ಎದ್ದು ಮೂಗಿಗೆ ಅಡ್ಡ ನಿಂತಿತೋ
ಅವರು ಉಳಿದರು. ನಾವು ಅವರ ಮೊಮ್ಮಕ್ಕಳು.
ಹಳಸಿದ ಮಾಂಸಕ್ಕೆ 'ಪರವಾಗಿಲ್ಲ, ಕೊಡು' ಎಂದ ಧಾರಾಳಿಗಳಿಗೆ
ವಂಶವಿಲ್ಲ.

ನಾಲಿಗೆಯ ಬುಡದಲ್ಲಿ ಕಾವಲುಗಾರನೊಬ್ಬ ಕೂತಿದ್ದಾನೆ.
ಬೆಂಕಿಗಿಂತ ಹಳಬ. ನಿದ್ದೆಯಿಲ್ಲ. ಓದು ಬರುವುದಿಲ್ಲ.
ಹತ್ತು ಒಳ್ಳೆಯದನ್ನು ತಪ್ಪಿ ಉಗಿದರೂ ಸರಿ,
ಒಂದು ವಿಷ ಒಳಗೆ ಹೋಗಕೂಡದು: ಅವನ ಲೆಕ್ಕ ಇದು.
ಹಾಗಂತ ಲಂಚ ಮುಟ್ಟದವನೇನಲ್ಲ.
ಮಗಳ ಬಟ್ಟೆ ಒಗೆದೆ ಎರಡು ವರ್ಷ, ಒಂದು ದಿನ ಎದ್ದು ನಿಲ್ಲಲಿಲ್ಲ;
ನಾದಿನಿಯ ಕೂಸಿನದು ಕೈಗೆ ಬಂದಾಗ ದಡಕ್ಕನೆ ಎದ್ದ.
ಅದೇ ಹಾಲು, ಅದೇ ಹಳದಿ.

ಹತ್ತು ತಿಂಗಳಿದ್ದಾಗ ಒಮ್ಮೆ ಮಗಳು
ಹಲ್ಲಿಯ ಹಿಕ್ಕೆ ಹೆಕ್ಕಿ, ಜೀರಿಗೆ ಮಿಠಾಯಿಯೆಂಬಂತೆ,
ನಗುತ್ತಾ ಬಾಯಿಗೆ ಒಯ್ದಳು.
'ಇಶ್ಶಿ!' ಅಂದೆ.
ಅವಳು ನೋಡಿದ್ದು ಹಿಕ್ಕೆಯನ್ನಲ್ಲ,
ನನ್ನ ಮುಖವನ್ನು.
ಓದು ಬಾರದವನಿಗೆ ಅದೊಂದು ಓದಲು ಬರುತ್ತದೆ.

ಹಾಗೇ ನಾನೂ ನೋಡಿದ್ದೆ.
ಕೊಳೆತ ಗೆಡ್ಡೆಗೆ ಏಳುತ್ತಿದ್ದ ಅಜ್ಜಿಯ ಅದೇ ಮೇಲ್ದುಟಿ
ಗೆಡ್ಡೆ ಅಗೆಯಲು ಬಂದವಳ ಬೊಗಸೆಗೆ
ಎತ್ತರದಿಂದ ನೀರು ಹುಯ್ಯುವಾಗಲೂ ಎದ್ದಿತ್ತು.
ಒಂದು ಮಾತಾಡಲಿಲ್ಲ ಅಜ್ಜಿ.
ಮಾತಾಡಿದ್ದರೆ ಮುಂದೆ ಎದುರು ವಾದಿಸಬಹುದಿತ್ತು.

ನಮ್ಮ ಲ್ಯಾಬು ಗುಡಿಸುವ ದ್ಯಾವಮ್ಮನ ಲೋಟ
ಸಿಂಕಿನ ಪಕ್ಕದ ಕಿಟಕಿಯಲ್ಲಿರುತ್ತದೆ.
ಯಾರೂ ಇಟ್ಟಿದ್ದಲ್ಲ. ಇರುತ್ತದೆ.
ನಾನು ಸೇರಿದಾಗಲೂ ಇತ್ತು, ಕಟ್ಟಡ ಬದಲಾದಾಗ
ಅದೂ ಬಂದು ಹೊಸ ಕಿಟಕಿ ಹುಡುಕಿಕೊಂಡಿತು.

ಕೆಲಸ ಕಡಿಮೆಯಿದ್ದ ಒಂದು ಶನಿವಾರ
ನನ್ನ ಲೋಟದ ಅಂಚಿಗೊಂದು, ಅವಳದಕ್ಕೊಂದು
ಹತ್ತಿಕಡ್ಡಿ ಒರೆಸಿ, ಪೆಟ್ರಿ ತಟ್ಟೆಗೆ ಗೀರಿ,
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ ಮಲಗಿಸಿ ಮನೆಗೆ ಹೋದೆ.
ಯಾವ ಡಾಕ್ಟರೂ ಬರೆದುಕೊಟ್ಟ ಪರೀಕ್ಷೆಯಲ್ಲ.
ಸೋಮವಾರ ಎಣಿಸಿದೆ.
ನನ್ನದರಲ್ಲಿ ಅರವತ್ತೊಂದು.
ಅವಳದರಲ್ಲಿ ನಾಲ್ಕು.
ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ ಅವಳು. ನಾನು ನೀರಾಡಿಸುತ್ತೇನೆ.

ಅವಳ ಲೋಟಕ್ಕೇ ಟೀ ಬಗ್ಗಿಸಿದೆ.
ತುಟಿಗೆ ಸ್ಟೀಲು ತಾಗಿತೋ ಇಲ್ಲವೋ,
ಎದ್ದ, ಬಾಗಿಲಿಗೆ ಅಡ್ಡ ಕೈ ಚಾಚಿದ.
'ರಿಪೋರ್ಟ್ ಇದೆ ಮಾರಾಯ, ನಾನೇ ಎಣಿಸಿದ್ದು,' ಅಂದೆ.
ಅವನು ರಿಪೋರ್ಟನ್ನು ತಲೆಕೆಳಗಾಗಿ ಹಿಡಿದು
ನನ್ನ ಮುಖವನ್ನೇ ನೋಡಿದ.

ನುಂಗಿದೆ. ಹೇಗೋ.
ತಿರುಗಿದರೆ ಬಾಗಿಲಲ್ಲಿ ದ್ಯಾವಮ್ಮ, ಕೈಯಲ್ಲಿ ಪೊರಕೆ.
'ಅದು ನನ್ನ ಲೋಟ ಕಣವ್ವ,' ಅಂದಳು.
ಕೋಪವಿರಲಿಲ್ಲ ದನಿಯಲ್ಲಿ.
ಆದರೆ ಅವಳ ಮೇಲ್ದುಟಿಯ ಎಡತುದಿ
ಎಳ್ಳಷ್ಟು ಮೇಲೆದ್ದಿತ್ತು.

ತೊಳೆದಿಟ್ಟೆ.
ಅವಳು ತೆಗೆದುಕೊಂಡು
ಇನ್ನೊಂದು ಸಲ ತೊಳೆದಳು.