ಬೇತೂಲಿನ ಅಳಿವಿಯಾಗ

ಐಸಿನ ಲಾರಿ ಖಾಲಿ ಮಾಡಿ ಅರ್ಧ ತಾಸಾತು,
ಬೆರಳಿನ ತುದಿಗೆ ಇನ್ನೂ ಜೀವ ಬಂದಿಲ್ಲ.
ಕುಟ್ಬಣದ ಜೆಟ್ಟಿ ಬಿಟ್ಟು, ಮರಳ ದಿಬ್ಬ ದಾಟಿ
ಮಿಂಗೆಲ್ ಕೂಡೂ ಕಲ್ಲಿನ ಕಡೆ ನಡದೆ.
ಸಾಲ್ ಹೊಳಿ ಇಲ್ಲೇ ಕಡಲಿಗೆ ಸೇರತೈತಿ.
ಸೇರೂದು ಅಂದರ ಸುಮ್ಮನ ಅಲ್ಲ:
ಇಳಿತಕ್ಕ ಹೊಳಿ ದಬ್ಬತೈತಿ, ಭರತಕ್ಕ ಕಡಲು ದಬ್ಬತೈತಿ,
ನಡುವ ಆ ದಿಬ್ಬ
ತಿಂಗಳಿಗೊಮ್ಮೆ ಜಾಗಾ ಬದಲಿಸತೈತಿ,
ಬಾಡಿಗಿ ಮನಿಯವರ ಹಂಗ.

ಮಿಂಗೆಲ್ ಮಾತಾಡಂಗಿಲ್ಲ.
ತೋರಬೆರಳಿಗೆ ದಾರ ಒಂದು ಸುತ್ತು,
ಗಾಳಕ್ಕ ಜೀವಂತ ಸಿಗಡಿ.
ಏನರೆ ತೋರಸಬೇಕಂದರ
ಗದ್ದ ಎತ್ತತಾನ, ಅಷ್ಟ.

ಎತ್ತಿದ ಕಡೆ ನೋಡಿದೆ.
ಕಾಂಡ್ಲಾದ ಬೇರಿನ ಮ್ಯಾಲ ಮಿಂಚುಳ್ಳಿ,
ಹಾರಬೇಕೋ ಬ್ಯಾಡೋ ಅಂತ ಕೂತೈತಿ.
ಕೆಸರಿನ್ಯಾಗ ಒಂದs ಕೈ ದೊಡ್ಡದಿರೂ ಏಡಿಗಳು
ಎಲ್ಲಾ ಕೂಡಿ ಯಾರನೋ ಕರಿಯಾಕ ಹತ್ಯಾವ;
ನಾ ಒಂದು ಹೆಜ್ಜಿ ಮುಂದಿಟ್ಟೆ,
ಕೆಸರು ತುಂಬ ಬರೇ ತೂತು.
ಮ್ಯಾಲ ಬಿಳಿ ಹೊಟ್ಟಿಯ ಕಡಲ ಹದ್ದು,
ಕಾಲಾಗ ಕಡಲ ಹಾವು, ಪಟ್ಟಿ ಪಟ್ಟಿದು,
ಅದಿನ್ನೂ ಬಳಕತಿತ್ತು,
ಈಜೂದು ಮುಗದಿಲ್ಲ ಅನ್ನೂ ಹಂಗ.

ಅಷ್ಟರಾಗ ದಾರ ಬಿಗೀತು.
ಮಿಂಗೆಲ್ ಮೊಣಕಾಲು ಕಲ್ಲಿಗೆ ಒತ್ತಿ
ಜಗ್ಗಿದ, ಬಿಟ್ಟ, ಜಗ್ಗಿದ, ಬಿಟ್ಟ.
‘ತಾಂಬ್ಸೊ’ ಅಂದ. ಅವತ್ತಿನ ಮೊದಲನೇ ಮಾತು.
ಕೆಂಪನ್ನ ಮೀನು, ನನ್ನ ತೋಳಿನಷ್ಟು,
ನೀರು ಬಿಡಾಕ ಒಂದು ಮೊಳ ಉಳದಿತ್ತು ನೋಡ್ರಿ,
ಬಗಲಾಗ ಕರೀ ತಲಿ ಎದ್ದಿತು:
ಮೀಸಿ, ಸಣ್ಣ ಕಿವಿ, ಏನೂ ನಾಚಿಕಿ ಇಲ್ಲದ ಕಣ್ಣು.
ನೀರುನಾಯಿ.

ದಾರ ಹಗುರಾತು.
ಗಾಳಕ್ಕ ಉಳದದ್ದು ಮೀನಿನ ತಲಿ ಮಾತ್ರ,
ಬಾಯಿ ಇನ್ನೂ ತೆರದು ಮುಚ್ಚತಿತ್ತು.

ಬೈತಾನ ಅಂತ ಕಾದೆ.
ಅವ ಬೀಡಿ ಹಚ್ಚಿದ.
ಎದುರಿನ ಬಂಡಿಗಲ್ಲಿನ ಮ್ಯಾಲ
ನಮಗ ಬೆನ್ನು ತಿರುವಿ ಅದು ಊಟಕ್ಕ ಕೂತಿತು;
ಎಲುಬು ಮುರಿಯೂ ಸಪ್ಪಳ ನೀರ ಮ್ಯಾಲಿಂದ
ಸರಳ ನಮ್ಮ ತನಕಾ ಬಂತು.
ಆಮ್ಯಾಲ ಮತ್ತೆರಡು ತಲಿ, ಸಣ್ಣವು.

‘ಮೂವರು’ ಅಂದ ಮಿಂಗೆಲ್.
ಮೂರು ಅನ್ನಲಿಲ್ಲ. ಅವನ ಕೊಂಕಣಿಯಾಗೂ
ಮನಷ್ಯಾರಿಗೊಂದು ಬ್ಯಾರೆ ಲೆಕ್ಕ ಐತಿ,
ಅದರಾಗs ಎಣಿಸಿದ.
‘ಹೋದ ವರ್ಷ ನಾಲ್ವರು.’
ಉಳದ ತಲಿ ಗಾಳದಿಂದ ಬಿಡಿಸಿ,
ಒರೆಸಿ, ಚೀಲಕ್ಕ ಹಾಕಿದ. ಸಾರಿಗೆ ಸಾಕು.

ಜೆಟ್ಟಿಯಾಗ ಟ್ರಾಲರಿನ ಹಾರ್ನು.
ಎದ್ದೆ. ಬರೂಮುಂದ ದಾಟಿದ ದಿಬ್ಬ
ಹೋಗೂಮುಂದ ಕಾಣಲಿಲ್ಲ,
ಅಲ್ಲೆ ಮೊಣಕಾಲುದ್ದ ನೀರು, ಬ್ಯಾರೆ ಬಣ್ಣದ್ದು.
ಚಪ್ಪಲಿ ಕೈಯಾಗ ಹಿಡದು ಓಡಿದೆ.
ಐಸು ಕಾಯಂಗಿಲ್ಲ.